ಎರಡು ಹೊಳ್ಳೆಗಳ ನಡುವಿನ ಗೋಡೆ

2018ರ ನವೆಂಬರ್ 14, ಬುಧವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಿವಿ, ಮೂಗು, ಗಂಟಲಿನ ಡಾಕ್ಟರಮ್ಮ ನನ್ನ ಗಂಡನ ಎಡ ಹೊಳ್ಳೆಯೊಳಗೆ ಪೆನ್ಸಿಲ್ಲಿಗಿಂತ ಸಪೂರವಾದ ದೀಪದ ಕೊಳವೆಯನ್ನು ಇಳಿಸಿ, ಪಕ್ಕದ ಪರದೆಯತ್ತ ನನ್ನನ್ನು ಕರೆದರು.

"ಬನ್ನಿ, ನೀವೂ ನೋಡಿ. ನಿಮ್ಮ ನಿದ್ದೆ ಕೆಡಿಸ್ತಿರೋದು ಇದೇ."

ಪರದೆಯ ಮೇಲೆ ಒದ್ದೆಯಾದ ಗುಲಾಬಿ ಬಣ್ಣದ ಓಣಿಯೊಂದು ಕಾಣಿಸಿತು. ಅದರ ಒಂದು ಬದಿಯ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಎದುರಿನ ಗೋಡೆಯನ್ನು ಇನ್ನೇನು ಮುಟ್ಟುವಂತಿತ್ತು. ನಡುವೆ ಉಳಿದದ್ದು ಒಂದು ರಟ್ಟು ತೂರಿಸುವಷ್ಟು ಸಂದು.

"ಇದು ಮೂಗಿನ ನಡುಗೋಡೆ. ಮುಂದೆ ಮೆದು ಮೂಳೆ, ಹಿಂದೆ ಗಟ್ಟಿ ಮೂಳೆ. ನೆಟ್ಟಗಿರಬೇಕಾದ್ದು ಎಡಕ್ಕೆ ವಾಲಿಕೊಂಡಿದೆ. ಚಿಕ್ಕವರಿದ್ದಾಗ ಎಲ್ಲಾದ್ರೂ ಬಿದ್ದಿದ್ರಾ?"

ಇವರು ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಕೊಳವೆ ಹೊರಬಂದದ್ದೇ ತಡ, "ಡಾಕ್ಟ್ರೇ, ಆ ಗೋಡೇನ ಮುಟ್ಟೋ ಮಾತು ಬೇಡ. ಇಷ್ಟು ವರ್ಷ ನನಗೆ ಅನ್ನ ಹಾಕ್ತಿರೋದು ಈ ಎಡ ಹೊಳ್ಳೆನೇ" ಎಂದರು.

ಡಾಕ್ಟರಮ್ಮ ನನ್ನ ಮುಖ ನೋಡಿದರು. ಮುಚ್ಚಿಹೋದ ಹೊಳ್ಳೆ ಅನ್ನ ಹಾಕುತ್ತದೆ ಎಂದರೆ ಯಾರಿಗೆ ತಾನೇ ಅರ್ಥವಾದೀತು? ನಾನೇ ಬಿಡಿಸಿ ಹೇಳಬೇಕಾಯಿತು.

ಇವರು ಊರಿಗೆ ಕೊಳವೆಯಲ್ಲಿ ಅಡುಗೆ ಗ್ಯಾಸ್ ಹರಿಸುವ ಕಂಪನಿಯಲ್ಲಿ ವಾಸನೆ ಪರೀಕ್ಷಕರು. ನೆಲದೊಳಗಿಂದ ಬರುವ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಜನರಿಗೆ ಗೊತ್ತಾಗಲೆಂದು ಅದಕ್ಕೆ ಕೊಳೆತ ಈರುಳ್ಳಿಯಂತೆ ನಾರುವ ಒಂದು ದ್ರವವನ್ನು ಹನಿಹನಿಯಾಗಿ ಬೆರೆಸುತ್ತಾರೆ. ಬೆರೆಸಿದ್ದು ಸಾಕೇ ಎಂದು ತಿಳಿಯಲು ಮನುಷ್ಯನ ಮೂಗೇ ಆಗಬೇಕು. ಮೇಜಿನ ಮೇಲಿನ ಒಂದು ಪೆಟ್ಟಿಗೆ ಕೋಣೆಯ ಗಾಳಿಯನ್ನು ಎಳೆದು, ಅದಕ್ಕೆ ಚೂರುಚೂರೇ ಗ್ಯಾಸ್ ಸೇರಿಸಿ, ಬಟ್ಟಲಿನಂಥ ಬಾಯಿಯಿಂದ ಹೊರಬಿಡುತ್ತದೆ. ಪರೀಕ್ಷಕ ಆ ಬಟ್ಟಲಿಗೆ ಮೂಗೊಡ್ಡಿ, ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ, ವಾಸನೆ ಬಂದ ಕ್ಷಣ ಕೈ ನಿಲ್ಲಿಸುತ್ತಾನೆ. ಗಾಳಿಯಲ್ಲಿ ಗ್ಯಾಸು ಶೇಕಡಾ ಒಂದನ್ನು ಮುಟ್ಟುವುದರೊಳಗೆ ಸಾಮಾನ್ಯರ ಮೂಗಿಗೆ ಗೊತ್ತಾಗಬೇಕೆಂಬುದು ನಿಯಮ. ಪರೀಕ್ಷಕರ ಮೂಗು ಇನ್ನೂ ಚುರುಕಾಗಿರಬೇಕು. ಅವರಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ, ಶೇಕಡಾ 0.40ರ ಒಳಗೆ ಹಿಡಿಯದವರಿಗೆ ಆ ಕುರ್ಚಿ ಇಲ್ಲ. ಇವರು ಹಿಡಿಯುತ್ತಿದ್ದದ್ದು 0.20ರ ಆಸುಪಾಸಿನಲ್ಲಿ. ಆಫೀಸಿನಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ; ಎಲ್ಲರಿಗೂ ಇವರು 'ವಾಸನೆ ಮೇಷ್ಟ್ರು'.

ಹಾಗೆ ಹಿಡಿಯುವಾಗ ಇವರದೊಂದು ಭಂಗಿ ಇತ್ತು. ತಲೆಯನ್ನು ಒಂದಿಷ್ಟು ಓರೆ ಮಾಡಿ, ಬಲ ಹೊಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಆ ಸೊಟ್ಟ ಎಡ ಹೊಳ್ಳೆಯಿಂದ ಉದ್ದಕ್ಕೆ ಎಳೆಯುವುದು. ಬಲ ಹೊಳ್ಳೆ ಉಸಿರಾಡಲಿಕ್ಕೆ, ಎಡದ್ದು ವಾಸನೆಗೆ ಎಂಬುದು ಇವರ ನಂಬಿಕೆ.

"ವಾಸನೆ ಹಿಡಿಯೋ ಜಾಗ ಮೂಗಿನ ಮಾಳಿಗೆಯಲ್ಲಿದೆ" ಎಂದರು ಡಾಕ್ಟರಮ್ಮ. "ನಾನು ಕೆಲಸ ಮಾಡೋದು ಕೆಳಗಿನ ಅಂತಸ್ತಿನಲ್ಲಿ. ಅದರ ತಂಟೆಗೇ ಹೋಗಲ್ಲ."

"ವಾಸನೆ ಹೋದ್ರೆ?"

"ಊತ ಇಳಿಯೋವರೆಗೂ ಮಂಕಾಗಿರುತ್ತೆ. ಆಮೇಲೆ ಸಾಮಾನ್ಯವಾಗಿ ಬಂದೇ ಬರುತ್ತೆ."

ಇವರು ಎದ್ದು ನಿಂತು ಅಂಗಿಯ ತೋಳು ಸರಿಮಾಡಿಕೊಂಡರು. ಸಾಮಾನ್ಯವಾಗಿ ಎಂಬ ಮಾತು ಇವರಿಗೆ ಆಗಿಬರುವುದಿಲ್ಲ.

"ಗೊರಕೆ ಇದ್ರೆ ಇರ್ಲಿ, ನಿಮ್ಮ ನಿದ್ದೆ ಪರೀಕ್ಷೆಯ ವರದಿ ನೋಡಿ ಮಾತಾಡ್ತಿದೀನಿ" ಎಂದು ಡಾಕ್ಟರಮ್ಮ ಬಿಡದೆ ಹೇಳಿದರು. "ನಿದ್ದೆಯಲ್ಲಿ ನಿಮ್ಮ ಉಸಿರು ಮತ್ತೆಮತ್ತೆ ನಿಲ್ತಿದೆ. ಗೋಡೆ ಒಂದೇ ಕಾರಣ ಅನ್ನಲ್ಲ, ಗಂಟಲೂ ಸೇರಿಕೊಂಡಿದೆ. ಆದ್ರೆ ಮೊದಲು ನೆಟ್ಟಗೆ ಮಾಡಬೇಕಾದ್ದು ಇದನ್ನೇ. ಬಿಟ್ರೆ ನಾಳೆ ಹೃದಯಕ್ಕೆ ಬರುತ್ತೆ."

ಮೆಟ್ಟಿಲಿಳಿಯುವಾಗ ಇವರು ನನ್ನ ಕಡೆ ತಿರುಗಲಿಲ್ಲ. "ನಿನ್ನ ತಮ್ಮ ಕಟ್ಟಿರೋ ಗೋಡೆ ಇದೆಯಲ್ಲ, ಅದೇ ಸಾಕು" ಎಂದಷ್ಟೇ ಹೇಳಿದರು.

ಆ ಗೋಡೆಯ ಕತೆ ಇಷ್ಟು. ನನ್ನ ತಮ್ಮ ಬಡಗಿ. ಇವರ ಗೊರಕೆಯಿಂದ ನಾನು ತರಗತಿಯಲ್ಲಿ ಆಕಳಿಸತೊಡಗಿದಾಗ, ಅವನೇ ಬಂದು ನಮ್ಮ ಮಲಗುವ ಕೋಣೆಯನ್ನು ಪ್ಲೈವುಡ್ಡಿನಿಂದ ಎರಡು ಮಾಡಿದ್ದ. ಎರಡು ಹಲಗೆ, ನಡುವೆ ಶಬ್ದ ಹೀರುವ ದಪ್ಪ ಹಾಸು. ಕಿಟಕಿ ಕಡೆಯ ಭಾಗ ನನಗೆ, ಬಾಗಿಲ ಕಡೆಯದು ಇವರಿಗೆ. ಫ್ಯಾನು ಮಾತ್ರ ಒಂದೇ, ಅದೂ ಸರಿಯಾಗಿ ನಡುಮಧ್ಯದಲ್ಲಿ. ಹಾಗಾಗಿ ಗೋಡೆ ಸೂರನ್ನು ಮುಟ್ಟದೆ, ಫ್ಯಾನಿನ ರೆಕ್ಕೆಗಿಂತ ಒಂದು ಗೇಣು ಕೆಳಗೇ ನಿಂತಿತು. ಗಾಳಿ ಇಬ್ಬರಿಗೂ ಬರುತ್ತಿತ್ತು. ಗೊರಕೆಯೂ ಅದೇ ದಾರಿಯಲ್ಲಿ ಬರುತ್ತಿತ್ತು.

"ಅಕ್ಕಾ, ನನ್ನ ಕೈಲಾಗೋದು ಇಷ್ಟೇ" ಎಂದಿದ್ದ ತಮ್ಮ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. "ಭಾವನ ಗೊರಕೆಗೆ ಪ್ಲೈವುಡ್ ಸಾಲಲ್ಲ. ಅಣೆಕಟ್ಟೇ ಕಟ್ಟಿಸಬೇಕು."

"ಕಟ್ಟಪ್ಪ ಕಟ್ಟು, ಕರೆಂಟೂ ಬರ್ಲಿ, ಮನೆ ಬಿಲ್ ಉಳಿಯುತ್ತೆ" ಎಂದಿದ್ದರು ಇವರು.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಶಿಲೀಂಧ್ರದ ಎಳೆಯೊಳಗೆ ಅಡ್ಡಗೋಡೆಗಳಿರುತ್ತವೆ, ಪ್ರತಿ ಗೋಡೆಯ ನಡುವೆ ಒಂದು ಸಣ್ಣ ರಂಧ್ರವಿರುತ್ತದೆ ಎಂದು ಆ ವಾರವೇ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ತೂತು ಬಿಡೋದಾದ್ರೆ ಗೋಡೆ ಯಾಕೆ ಕಟ್ಟಬೇಕು ಮೇಡಂ?" ಎಂದಳು. ಎಳೆ ಒಂದು ಕಡೆ ತುಂಡಾದರೆ ಆ ತೂತಿಗೆ ಬಿರಡೆ ಬಿದ್ದು ಉಳಿದ ಭಾಗ ಬದುಕುತ್ತದೆ, ಅಲ್ಲಿಯವರೆಗೆ ಆಹಾರ ಅತ್ತಿಂದಿತ್ತ ಹರಿದಾಡುತ್ತದೆ ಎಂದು ಪುಸ್ತಕದ ಉತ್ತರ ಕೊಟ್ಟೆ. ಮನೆಗೆ ಬಂದು ಫ್ಯಾನಿನ ಕೆಳಗಿನ ಸಂದನ್ನು ನೋಡಿದಾಗ ಆ ಹುಡುಗಿ ನೆನಪಾದಳು. ನಿಜ ಹೇಳಬೇಕೆಂದರೆ ಆ ಸಂದು ನನಗೆ ಬೇಕಿತ್ತು. ಗೊರಕೆ ಕೇಳುತ್ತಿದ್ದಷ್ಟು ಹೊತ್ತು ಬೈದುಕೊಂಡು ಮಲಗಿರುತ್ತಿದ್ದೆ. ಅದು ಥಟ್ಟನೆ ನಿಂತಾಗ ಮಾತ್ರ ಎದ್ದು ಕೂರುತ್ತಿದ್ದೆ.

ಇವರು ಒಪ್ಪಿದ್ದು ಒಂದು ಭಾನುವಾರ ಮಧ್ಯಾಹ್ನ. ತಮ್ಮ ಊಟಕ್ಕೆ ಬಂದಿದ್ದ. ಊಟವಾದ ಮೇಲೆ ಇವರು ಪೇಪರು ಹರಡಿಕೊಂಡು ಆರಾಮಕುರ್ಚಿಯಲ್ಲಿ ಒರಗಿದರು, ಗೊರಕೆ ಶುರುವಾಯಿತು. ತಮ್ಮ ಅದಕ್ಕೆ ಸರಿಯಾಗಿ ಮೇಜಿನ ಮೇಲೆ ತಾಳ ಹಾಕುತ್ತಿದ್ದ. ತಾಳ ಮುಂದುವರಿಯಿತು, ಗೊರಕೆ ಬರಲಿಲ್ಲ. ಎದೆ ಏಳುತ್ತಿದೆ, ಗಾಳಿ ಹೋಗುತ್ತಿಲ್ಲ. ತಮ್ಮನ ಕೈ ಮೇಜಿನ ಮೇಲೆಯೇ ನಿಂತುಬಿಟ್ಟಿತು. ನಾನು ಹೋಗಿ ಭುಜ ಹಿಡಿದು ಅಲ್ಲಾಡಿಸಿದೆ. ಇವರು ದೊಡ್ಡದಾಗಿ ಏದುಸಿರು ಬಿಟ್ಟು ಕಣ್ಣು ತೆರೆದು, ಮೊದಲು ನನ್ನ ಮುಖ ಕಂಡರು.

"ಏನೇ ಅದು, ಹಾಗೆ ನೋಡ್ತೀಯ?"

ತಮ್ಮ ಹೇಳಿದ: "ಭಾವ, ಅಕ್ಕ ದಿನಾ ಇದನ್ನೇ ಗೋಡೆ ಆಚೆ ಕೂತು ಕೇಳ್ತಾಳೆ. ನಾನು ಒಂದ್ಸಲ ನೋಡಿದ್ದಕ್ಕೇ ಕೈಕಾಲು ತಣ್ಣಗಾಯ್ತು."

ಇವರು ಪೇಪರನ್ನು ಮಡಿಸಿದರು. ಮತ್ತೆ ಬಿಡಿಸಿದರು. "ಆಯ್ತು, ಡಾಕ್ಟರಿಗೆ ಫೋನ್ ಮಾಡು" ಎಂದರು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂಗಿನೊಳಗಿನ ಪಟ್ಟಿ ತೆಗೆದ ದಿನ ಡಾಕ್ಟರಮ್ಮ ಫಳಫಳ ಹೊಳೆಯುವ ತಣ್ಣನೆಯ ಲೋಹದ ತಗಡೊಂದನ್ನು ಇವರ ಮೂಗಿನ ಕೆಳಗೆ ಹಿಡಿದು ಉಸಿರು ಬಿಡಲು ಹೇಳಿದರು. ತಗಡಿನ ಮೇಲೆ ಮಂಜಿನ ಎರಡು ಕಲೆ ಮೂಡಿದವು. ಮೊದಲ ಸಲ ಬಂದಾಗಲೂ ಹೀಗೇ ಹಿಡಿದು ನೋಡಿದ್ದರು, ಆಗ ಎಡಗಡೆಯದು ಕಡಲೆಕಾಳಿನಷ್ಟಿತ್ತು. ಈಗ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ.

ಮನೆಯಲ್ಲಿ ಗೊರಕೆ ನಿಂತಿತು. ಪೂರ್ತಿ ಅಲ್ಲ, ಬೆಕ್ಕಿನ ಗುರುಗುಟ್ಟುವಿಕೆಯಷ್ಟು ಉಳಿಯಿತು. ಈಗ ನಿದ್ದೆ ಬರದಿದ್ದದ್ದು ನನಗೆ. ಆ ನಿಶ್ಶಬ್ದ ಯಾವ ಬಗೆಯದು ಎಂದು ಗೊತ್ತಾಗದೆ ಪ್ಲೈವುಡ್ಡಿನ ಮೇಲೆ ಎರಡು ಸಲ ಬಡಿಯುತ್ತಿದ್ದೆ. ಆ ಕಡೆಯಿಂದ ಎರಡು ಬಡಿತ ತಿರುಗಿ ಬರುತ್ತಿತ್ತು. ಒಂದು ದಿನ ಬಡಿತದ ಜೊತೆಗೆ ಮಾತೂ ಬಂತು: "ಬದುಕಿದೀನಿ ಕಣೇ. ಮಲಗೋಕೆ ಬಿಡು."

ರಜೆ ಮುಗಿದು ಇವರು ಕೆಲಸಕ್ಕೆ ಹೋದ ದಿನ ಸಂಜೆ ಬೇಗ ಬಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಬೇರೆ ದಿನವಾಗಿದ್ದರೆ ಗೇಟಿನಿಂದಲೇ ಒಲೆಯ ಮೇಲೇನಿದೆ ಎಂದು ಹೇಳಿಕೊಂಡು ಬರುವವರು.

"0.74" ಎಂದರು.

"ಊತ ಇನ್ನೂ ಇದೆಯೇನೋ."

"ಊತ ಇಲ್ಲ. ಡಾಕ್ಟ್ರು ಬರೆದುಕೊಟ್ಟಿದಾರಲ್ಲ. ಮೂರು ಸಲ ನೋಡಿದೆ. ಒಂದ್ಸಲ 0.70, ಒಂದ್ಸಲ 0.75, ಒಂದ್ಸಲ 0.77. ದಾರಿಯಲ್ಲಿ ಹೋಗೋ ಯಾರನ್ನ ಕೂರಿಸಿದ್ರೂ ಅಷ್ಟು ಹಿಡೀತಾರೆ."

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಇವರು ದೊಡ್ಡ ಮೇಡಂ ಎನ್ನುತ್ತಾರೆ. ಅವರು ಕಲ್ಲು ಮನಸ್ಸಿನವರಲ್ಲ. ಕುರ್ಚಿಯನ್ನು ಖಾಲಿ ಇಡುವಂತಿಲ್ಲವಾದ್ದರಿಂದ ಕನ್ನಡಕದ ಹೊಸ ಪರೀಕ್ಷಕಿಯನ್ನು ಕೂರಿಸಿ, ಇವರನ್ನು ಮುಂದಿನ ಅರೆವಾರ್ಷಿಕ ಪರೀಕ್ಷೆಯವರೆಗೆ ಮೀಟರ್ ರಿಪೇರಿ ಶೆಡ್ಡಿಗೆ ಹಾಕಿದ್ದರು. ಆಗಲೂ 0.40ರ ಒಳಗೆ ಬರದಿದ್ದರೆ ಶೆಡ್ಡೇ ಕಾಯಂ.

"ಆ ಹುಡುಗಿ ಅತ್ತೇಬಿಟ್ಲು" ಎಂದರು ಇವರು. "ನಿಮ್ಮ ಜಾಗದಲ್ಲಿ ಹೇಗೆ ಕೂತ್ಕೊಳ್ಲಿ ಸಾರ್ ಅಂದ್ಲು. ನಾನೇ ಸಮಾಧಾನ ಮಾಡಿ ಬಂದೆ."

ನಾನು ತಟ್ಟೆ ಇಟ್ಟೆ. ಇವರು ಉಂಡರು, ಚೆನ್ನಾಗಿದೆ ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಚೆನ್ನಾಗಿದೆ ಎಂದವರಲ್ಲ. ಒಗ್ಗರಣೆ ಒಂದು ಕ್ಷಣ ಹೆಚ್ಚು ಕಂದಿತು, ಉಪ್ಪು ಕೊನೆಗೆ ಹಾಕಿದ್ದೀಯ ಎಂದೇ ಹೇಳುವವರು.

ಗೊರಕೆ ನಿಂತಿತೆಂಬ ಸುದ್ದಿ ಕೇಳಿ ತಮ್ಮ ತಿರುಪುಳಿ ಹಿಡಿದುಕೊಂಡು ಬಂದ. "ಅಣೆಕಟ್ಟು ಒಡೆಯೋಣ್ವಾ ಭಾವ?"

"ಮುಟ್ಟಬೇಡ." ಇವರ ದನಿ ಎಷ್ಟು ಒರಟಾಗಿತ್ತೆಂದರೆ ತಮ್ಮ ತಿರುಪುಳಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. "ಒಂದು ಗೋಡೆ ನೆಟ್ಟಗೆ ಮಾಡಿಸಿಕೊಂಡು ಕೆಟ್ಟಿದೀನಿ. ಇನ್ನೊಂದನ್ನ ಹಾಗೇ ಇರೋಕೆ ಬಿಡಿ."

ತಮ್ಮ ನನ್ನನ್ನು ನೋಡಿದ. ನಾನು ತಲೆ ಅಲ್ಲಾಡಿಸಿದೆ. ಅವನು ಸುಮ್ಮನೆ ಬಾಗಿಲಿನ ಸಡಿಲವಾದ ಚಿಲಕವನ್ನು ಬಿಗಿಮಾಡಿ ಹೋದ.

ಚಳಿ ಕಳೆದು ಸೆಕೆ ಶುರುವಾಯಿತು. ಇವರು ಶೆಡ್ಡಿನ ಬಗ್ಗೆ ಮಾತಾಡುತ್ತಿರಲಿಲ್ಲ. ನಾನೇ ಕೆದಕಿ ಕೇಳಿದಾಗ, ಮನೆಗಳ ಗ್ಯಾಸ್ ಮೀಟರ್ ಒಳಗೆ ಏನಿರುತ್ತದೆ ಎಂದು ಟೀ ಲೋಟ ಮಗುಚಿಟ್ಟು ವಿವರಿಸಿದರು. ತಗಡಿನ ಡಬ್ಬಿಯ ನಡುವೆ ಒಂದು ಗೋಡೆ. ಗೋಡೆಯ ಎರಡೂ ಬದಿಗೆ ರಬ್ಬರು ಬಳಿದ ಬಟ್ಟೆಯ ಒಂದೊಂದು ಪೊರೆ. ಗ್ಯಾಸು ಪೊರೆಯ ಈ ಬದಿ ತುಂಬಿದಾಗ ಆ ಬದಿಯದು ಮನೆಗೆ ಹೋಗುತ್ತದೆ, ಆ ಬದಿ ತುಂಬಿದಾಗ ಈ ಬದಿಯದು. ಪೊರೆ ಹೀಗೆ ಉಬ್ಬಿ ತಗ್ಗುವುದನ್ನೇ ಹಲ್ಲುಗಾಲಿ ಎಣಿಸುತ್ತದೆ.

"ಉಸಿರಾಡೋ ಹಾಗೆ" ಎಂದೆ.

"ಹೂಂ. ಇದಕ್ಕೆ ಗೊರಕೆ ಇಲ್ಲ, ಅಷ್ಟೇ."

ಬಹಳ ದಿನಗಳ ಮೇಲೆ ಇವರ ಬಾಯಿಂದ ಬಂದ ತಮಾಷೆ ಅದು.

ಅದಾಗಿ ಒಂದು ವಾರವಿರಬೇಕು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಗೇಟು ಧಡಾರೆಂದು ಬಡಿಯಿತು. ಇವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು.

"ಇವತ್ತು ಒಂದು ವಿಚಿತ್ರ ಆಯ್ತು ನೋಡು. ಶೆಡ್ಡಿಗೆ ಬರೋ ಹಳೇ ಮೀಟರಿಗೆಲ್ಲ ಮೊದಲು ಗಾಳಿ ಊದಿ, ಒಳಗಿರೋ ಗ್ಯಾಸ್ ಓಡಿಸ್ತಾರೆ. ಆಮೇಲೆ ನಮ್ಮ ಮೇಜಿಗೆ ಬರೋದು. ಇವತ್ತು ಒಂದು ದೊಡ್ಡ ಮೀಟರು, ಹೋಟೆಲಿಂದು, ಮಗು ಎತ್ಕೊಂಡ ಹಾಗೆ ಎರಡೂ ಕೈಲಿ ಎತ್ಕೊಂಡು ಬರ್ತಿದ್ದೆ. ಥಟ್ಟನೆ ಮೂಗಿಗೆ ಬಂತು."

"ಏನು?"

"ವಾಸನೆ ಕಣೇ! ಗ್ಯಾಸಿಂದು! ಎಷ್ಟು ಸಣ್ಣಗೆ ಅಂದ್ರೆ, ಹೇಗೆ ಹೇಳ್ಲಿ, ಪಕ್ಕದ ಬೀದೀಲಿ ಯಾರೋ ಈರುಳ್ಳಿ ಹೆಚ್ಚಿ ಒಳಗೆ ಹೋದ ಹಾಗೆ. ಶೆಡ್ಡಿನವರಿಗೆಲ್ಲ ಮೂಸೋಕೆ ಕೊಟ್ಟೆ. ಯಾರಿಗೂ ಇಲ್ಲ. ಕನ್ನಡಕದ ಹುಡುಗೀನ ಕರೆಸಿದೆ, ಅವಳಿಗೂ ಅನುಮಾನವೇ. ಮೇಷ್ಟ್ರಿಗೆ ಶೆಡ್ಡು ಸೇರಿ ಭ್ರಮೆ ಅಂತ ನಕ್ಕರು. ಬಿಚ್ಚಿ ನೋಡಿದ್ರೆ ಒಂದು ಕಡೆ ಪೊರೆ ಹರಿದಿದೆ, ಉಗುರಿನಷ್ಟು. ಊದಿದ ಗಾಳಿ ಆ ಹರುಕಲ್ಲೇ ಹಾದು ಹೋಗಿಬಿಟ್ಟಿದೆ, ಮೂಲೇಲಿದ್ದ ಹಳೇ ಗ್ಯಾಸು ಹಾಗೇ ಕೂತಿದೆ."

"ಹಾಗಾದ್ರೆ ನಿಮ್ಮ ಮೂಗು ಎಲ್ಲೂ ಹೋಗಿಲ್ಲ."

"ಅದೇ ಗೊತ್ತಾಗ್ತಿಲ್ಲ ನನಗೆ. ಸಂತೋಷಕ್ಕೆ ಕೆಲಸ ಮುಗಿಸಿ ಪ್ರಯೋಗಾಲಯಕ್ಕೆ ಓಡಿದೆ. ದೊಡ್ಡ ಮೇಡಂ, ಒಂದ್ಸಲ ಅಂತ ಕೇಳ್ಕೊಂಡು ಪೆಟ್ಟಿಗೆ ಮುಂದೆ ಕೂತೆ." ಇವರು ಕುರ್ಚಿಯಲ್ಲಿ ಕುಸಿದರು. "0.72."

ನಾನು ಕೆಂಪು ಪೆನ್ನನ್ನು ಕೆಳಗಿಟ್ಟೆ. "ಹೇಗೆ ಕೂತ್ರಿ? ಮಾಡಿ ತೋರಿಸಿ."

"ಹೇಗೆ ಅಂದ್ರೆ? ಯಾವಾಗ್ಲೂ ಹೇಗೋ ಹಾಗೆ." ಇವರು ತಲೆ ಓರೆ ಮಾಡಿ, ಬಲ ಹೊಳ್ಳೆಗೆ ಹೆಬ್ಬೆರಳು ಒತ್ತಿ, ಎಡದಿಂದ ಸೊರ್ರೆಂದು ಎಳೆದರು. ಮೇಜಿನ ಮೇಲಿದ್ದ ಉತ್ತರಪತ್ರಿಕೆಯ ಅಂಚು ಎದ್ದು ಬಿತ್ತು.

ಇಬ್ಬರೂ ಆ ಹಾಳೆಯನ್ನು ನೋಡಿದೆವು.

ನಾನು ಎದ್ದು ಹೋಗಿ ಕೈಗನ್ನಡಿಯನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ತಂದೆ. "ಸುಮ್ನೆ ಉಸಿರು ಬಿಡಿ" ಎಂದೆ. ಕನ್ನಡಿಯ ಮೇಲೆ ಎರಡು ಮಂಜಿನ ಕಲೆ. ಬಲಗಡೆಯದು ದೊಡ್ಡದು, ಎಡದ್ದು ಚಿಕ್ಕದು. ಮಲಗುವ ಮುಂಚೆ ಮತ್ತೆ ನೋಡಿದೆವು. ಎಡದ್ದು ದೊಡ್ಡದಾಗಿತ್ತು.

"ಮತ್ತೆ ವಾಲಿಕೊಳ್ತಾ ಇದೆಯೇನೇ ಗೋಡೆ?" ಇವರಿಗೆ ಗಾಬರಿ.

ನನಗೂ ಗೊತ್ತಿರಲಿಲ್ಲ. ಮರುದಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಗೆಳತಿಯನ್ನು ಕೇಳಿದೆ. ಆಕೆ ನಕ್ಕು, "ನಿನ್ನ ಮೂಗೂ ಹಾಗೇ ಮಾಡುತ್ತೆ, ನೋಡ್ಕೊ" ಎಂದಳು. ಮೂಗಿನ ಒಳಮೈ ಕೆಲವು ಗಂಟೆಗೊಮ್ಮೆ ಒಂದು ಬದಿ ಊದಿಕೊಳ್ಳುತ್ತದೆ, ಇನ್ನೊಂದು ಬದಿ ಇಳಿಯುತ್ತದೆ, ಆಮೇಲೆ ಅದಲುಬದಲು. ನಡುಗೋಡೆ ಅಲುಗುವುದಿಲ್ಲ, ಅದರ ಎರಡೂ ಕಡೆಯ ದಾರಿಗಳು ಪಾಳಿ ಬದಲಿಸುತ್ತವೆ. ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಒಂದು ಹೊಳ್ಳೆಯಲ್ಲಿ ಗಾಳಿ ವೇಗವಾಗಿ, ಇನ್ನೊಂದರಲ್ಲಿ ನಿಧಾನವಾಗಿ ಹೋಗುತ್ತಿರುತ್ತದೆ. ಕೆಲವು ವಾಸನೆಗಳು ವೇಗದ ಗಾಳಿಯಲ್ಲಿ ಚೆನ್ನಾಗಿ ಸಿಗುತ್ತವೆ, ಕೆಲವಕ್ಕೆ ನಿಧಾನದ ಗಾಳಿಯೇ ಬೇಕು.

ಮನೆಗೆ ಬಂದು ಇವರನ್ನು ಎದುರು ಕೂರಿಸಿಕೊಂಡೆ.

"ನಿಮ್ಮ ಎಡ ಹೊಳ್ಳೆ ಸಂದಿನ ಹಾಗಿತ್ತು. ಎಷ್ಟು ಜೋರಾಗಿ ಎಳೆದ್ರೂ ಗಾಳಿ ನಿಧಾನಕ್ಕೇ ಹೋಗ್ತಿತ್ತು. ಈಗ ಅದು ಬೀದಿ ಆಗಿದೆ. ನೀವು ಇನ್ನೂ ಸಂದು ಅನ್ಕೊಂಡೇ ಎಳೀತೀರಿ. ಅದರ ಮೇಲೆ ಇನ್ನೊಂದನ್ನ ಮುಚ್ಚಿಬಿಡ್ತೀರಿ. ಗಾಳಿಯೆಲ್ಲ ಒಂದೇ ದಾರೀಲಿ ಓಡಿಹೋಗುತ್ತೆ, ಮಾಳಿಗೆ ಹತ್ತೋಕೆ ಪುರುಸೊತ್ತೇ ಇಲ್ಲ."

"ಅಂದ್ರೆ ಬಲ ಹೊಳ್ಳೆನೂ ವಾಸನೆಗೇ ಅಂತೀಯಾ?"

"ಮೀಟರ್ ಎತ್ಕೊಂಡಾಗ ನಿಮ್ಮ ಹೆಬ್ಬೆರಳು ಎಲ್ಲಿತ್ತು?"

ಇವರು ಎರಡೂ ಕೈಯನ್ನು ಮೀಟರು ಎತ್ತಿದಂತೆ ಮುಂದಕ್ಕೆ ಚಾಚಿ, ಅವನ್ನೇ ನೋಡಿದರು.

"ನೀನು ಹೇಳೋದು ಊಹೆ ತಾನೇ?" ಎಂದರು.

"ಊಹೆನೇ. ಸರಿಯೋ ತಪ್ಪೋ ಹೇಳೋದು ನಿಮ್ಮ ಪೆಟ್ಟಿಗೆ."

ಊಹೆ ಸುಲಭ, ಅಭ್ಯಾಸ ಬಿಡುವುದು ಕಷ್ಟ. ಮನೆಯಲ್ಲಿ ಲೋಟದ ನೀರಿಗೆ ಈರುಳ್ಳಿ ರಸದ ಹನಿ ಬಿಟ್ಟು, ಅದನ್ನು ಮತ್ತೆ ನೀರಿಗೆ ಬೆರೆಸುತ್ತಾ ಹೋಗಿ, ಬರೀ ನೀರಿನ ಲೋಟಗಳ ನಡುವೆ ಅಡಗಿಸಿಡುತ್ತಿದ್ದೆ. ಇವರು ಮೂಗೊಡ್ಡುವ ಮೊದಲೇ ಕೈ ತಾನಾಗಿ ಮೇಲಕ್ಕೇರುತ್ತಿತ್ತು. ಹಿಡಿದು ಕೆಳಗಿಳಿಸಿದರೆ ಮತ್ತೆ ಏರುತ್ತಿತ್ತು. ಒಂದು ದಿನ ಆ ಹೊತ್ತಿಗೇ ಬಂದ ತಮ್ಮ ಬಾಗಿಲಲ್ಲಿ ನಿಂತು ಈ ಕುಸ್ತಿ ನೋಡಿದ.

"ಭಾವ, ನಾವು ಸ್ಕೂಲಲ್ಲಿ ಪಕ್ಕದವನನ್ನ ಚಿವುಟಿದ್ರೆ ಟೀಚರ್ ಏನ್ ಮಾಡ್ತಿದ್ರು ಗೊತ್ತಾ? ಕೈ ಮೇಲೇ ಕೂರಿಸ್ತಿದ್ರು."

"ಏಯ್, ನಾನೇನು ಸಣ್ಣ ಹುಡುಗನಾ?"

"ಅಕ್ಕನ ಮುಂದೆ ಯಾರು ದೊಡ್ಡೋರು ಹೇಳಿ."

ಇವರು ಗೊಣಗುತ್ತಲೇ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಕೂತರು. ಕಣ್ಣು ಮುಚ್ಚಿ, ಮಗುವಿನ ತಲೆ ಮೂಸುವಂತೆ ಸಣ್ಣಸಣ್ಣಗೆ ಎಳೆದರು. ಲೋಟಗಳ ಸಾಲಿನಲ್ಲಿ ಮುಖವನ್ನು ಸರಿಸುತ್ತಾ ಹೋಗಿ ಒಂದರ ಮುಂದೆ ನಿಂತು, ಗದ್ದದಿಂದಲೇ ತೋರಿಸಿದರು. ಸರಿಯಾಗಿತ್ತು. ಅದಕ್ಕಿಂತ ತೆಳುವಾದದ್ದನ್ನು ಇಟ್ಟೆ. ಅದೂ ಸರಿಯಾಗಿತ್ತು. ಮೂರನೆಯದು ತಪ್ಪಿತು. ಆಮೇಲೆ ನಾನೂ ತಮ್ಮನೂ ಮೂಸಿ ನೋಡಿದೆವು. ನಮಗೆ ಮೊದಲನೆಯದೇ ನೀರು.

ಈರುಳ್ಳಿಯೇ ಬೇರೆ, ಗ್ಯಾಸೇ ಬೇರೆ ಎಂದು ಇವರು ಅಂದೂ ಹೇಳಿದರು, ಪರೀಕ್ಷೆಯ ದಿನ ಬೆಳಗ್ಗೆಯೂ ಹೇಳಿದರು. ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡು, ಬಿಚ್ಚಿ ಮತ್ತೆ ಹಾಕಿಕೊಂಡರು.

"ನೀನೂ ಬಾ" ಎಂದರು. ಇಷ್ಟು ವರ್ಷದಲ್ಲಿ ಆಫೀಸಿಗೆ ಕರೆದದ್ದು ಅದೇ ಮೊದಲು.

ಪ್ರಯೋಗಾಲಯಕ್ಕೆ ಹೊರಗಿನವರು ಹೋಗುವಂತಿಲ್ಲ. ಹೊರಗಿನವರ ಪೌಡರು, ಸೋಪಿನ ವಾಸನೆ ಪರೀಕ್ಷೆಗೆ ಅಡ್ಡ ಬರುತ್ತದೆ. ನಾನು ಮೊಗಸಾಲೆಯ ಬೆಂಚಿನಲ್ಲಿ ಕೂತೆ. ಎದುರಿಗೆ ಸೊಂಟದಿಂದ ಮೇಲಕ್ಕೆ ಗಾಜಿನ ಗೋಡೆ. ಒಳಗಿನದೆಲ್ಲ ಕಾಣುತ್ತದೆ, ಏನೂ ಕೇಳಿಸುವುದಿಲ್ಲ. ಗಾಜಿನ ಪಕ್ಕದಲ್ಲಿ ದಿನದ ಅಳತೆಗಳನ್ನು ಬರೆಯುವ ಬಿಳಿ ಬೋರ್ಡು. ಕನ್ನಡಕದ ಹುಡುಗಿ ನನ್ನ ಪಕ್ಕ ಬಂದು ಕೂತಳು.

"ಸಾರ್ ಪಾಸ್ ಆಗ್ಲಿ ಅಂತ ನನಗಿಂತ ಜಾಸ್ತಿ ಬೇರೆ ಯಾರಿಗೂ ಅನ್ನಿಸಿರಲ್ಲ ಆಂಟಿ. ಆ ಕುರ್ಚೀಲಿ ಒಬ್ಬಳೇ ಕೂತು ಸಾಕಾಗಿದೆ. ಊರೆಲ್ಲ ನನ್ನ ಮೂಗಿನ ಮೇಲೇ ಕೂತ ಹಾಗಾಗುತ್ತೆ."

ಒಳಗೆ ಇವರು ಪೆಟ್ಟಿಗೆಯ ಮುಂದೆ ಕೂತರು. ಬಲಗೈ ಅರ್ಧ ಎದ್ದಿತು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಕೈ ಗಾಳಿಯಲ್ಲಿ ನಿಂತು, ಇಳಿದು, ತೊಡೆಯ ಕೆಳಗೆ ಹೋಯಿತು. ಅದರ ಹಿಂದೆಯೇ ಎಡಗೈಯೂ ಹೋಯಿತು. ಇವರು ದೊಡ್ಡ ಮೇಡಂ ಕಡೆ ತಿರುಗಿ ಏನೋ ಹೇಳಿದರು. ಅವರು ಹುಬ್ಬೇರಿಸಿದರು. ಇವರು ಮತ್ತೆ ಏನೋ ಹೇಳಿದರು. ದೊಡ್ಡ ಮೇಡಂ ನಗು ತಡೆದುಕೊಂಡು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ತಿರುಪಿನ ಮೇಲೆ ತಾವೇ ಬೆರಳಿಟ್ಟರು.

"ಸಾರ್ ಯಾಕೆ ಕೈ ಮೇಲೆ ಕೂತಿದಾರೆ?" ಎಂದಳು ಹುಡುಗಿ.

"ಮನೇಲಿ ಪಾಠ ಆಗಿದೆ" ಎಂದೆ.

ದೊಡ್ಡ ಮೇಡಂ ತಿರುಪನ್ನು ತಿರುಗಿಸುತ್ತಾ ಹೋದರು. ಇವರ ಕಣ್ಣು ಮುಚ್ಚಿದ್ದವು, ಭುಜ ಸಡಿಲವಾಗಿತ್ತು. ಮಲಗಿದವರು ಉಸಿರಾಡುವಂತೆ ಆಡುತ್ತಿದ್ದರು, ಒಂದೇ ಸಮನೆ, ನಡುವೆ ಎಲ್ಲೂ ನಿಲ್ಲದೆ. ನಾನು ಪ್ಲೈವುಡ್ಡಿನ ಈಚೆ ಕೂತು ಕೇಳಲು ಹಂಬಲಿಸುತ್ತಿದ್ದ ಉಸಿರು ಅದೇ. ಇವರ ಗದ್ದ ಮೇಲಕ್ಕೆದ್ದಿತು. ದೊಡ್ಡ ಮೇಡಂ ಕೈ ನಿಲ್ಲಿಸಿ ಮಾಪಕಕ್ಕೆ ಬಾಗಿ ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಕಿಟಕಿ ತೆರೆದು, ಕೋಣೆಯ ಗಾಳಿ ಬದಲಾದ ಮೇಲೆ ಮತ್ತೊಮ್ಮೆ. ಆಮೇಲೆ ಮಗದೊಮ್ಮೆ.

ನನ್ನ ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ತಮ್ಮ. "ಅಕ್ಕಾ, ತಿರುಪುಳಿ ತರ್ಲಾ ಬೇಡ್ವಾ?"

"ತಡಿ" ಎಂದು ಪಿಸುಗುಟ್ಟಿದೆ.

ದೊಡ್ಡ ಮೇಡಂ ಬಾಗಿಲು ತೆರೆದು ಹೊರಬಂದು, ನನ್ನ ಕಡೆ ಒಂದು ಸಲ ನೋಡಿ, ಬಿಳಿ ಬೋರ್ಡಿನ ಮೇಲೆ ಬರೆಯತೊಡಗಿದರು. ಗಾಜಿನಾಚೆ ಇವರು ಇನ್ನೂ ಕೈ ಮೇಲೆಯೇ ಕೂತು, ಕತ್ತು ಚಾಚಿ, ಬೋರ್ಡು ಕಾಣದೆ, ನನ್ನ ಮುಖವನ್ನೇ ನೋಡುತ್ತಿದ್ದರು. ಮೊದಲ ಅಳತೆ 0.31. ಎರಡನೆಯದು 0.27. ಮೂರನೆಯದು 0.26. ಅಡಿಗೆರೆ ಎಳೆದು ಅದರ ಕೆಳಗೆ ಬರೆದರು: ಸರಾಸರಿ, ಶೇಕಡಾ 0.28.